ಹಳೆಯ ಕೋವಿಗೆ ಹೊಸ ಮರ

(ಕಲಘಟಗಿಯಲ್ಲಿ ರೈತರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ಸೀಮೆಯ ಇತಿಹಾಸದಲ್ಲಿ ಬಂದೂಕಿನ ಸದ್ದು ಮೂರು ಸಲ ಜೋರಾಗಿ ಕೇಳಿಸುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ಗುಂಡು ಅಮಟೂರ ಬಾಳಪ್ಪನದು ಎಂದು ಜನ ಇಂದಿಗೂ ಹೇಳುತ್ತಾರೆ. 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ಎದ್ದು ನಿಂತರು. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದಾಗ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಈ ಮೂರೂ ಕಥೆಗಳಲ್ಲಿ ಯಾರು ಹೊಡೆದರು, ಯಾರು ಬಿದ್ದರು ಎಂದು ಕೇಳುತ್ತೇವೆ. ಆ ಬಂದೂಕುಗಳನ್ನು ಯಾರು ದುರಸ್ತಿ ಮಾಡಿ ಇಟ್ಟಿದ್ದರು, ಅವುಗಳ ಮರವನ್ನು ಯಾರು ಕೆತ್ತಿದರು ಎಂದು ಯಾರೂ ಕೇಳಿದ್ದಿಲ್ಲ. ನಾನಿಂದು ಮಾತನಾಡಲು ಬಂದಿರುವುದು ಆ ಮರದ ಬಗ್ಗೆ. ಹಳೆಯ ಮದ್ದಿನ ಕೋವಿಯ ಮರ ಒಡೆದರೆ ಹೊಸ ಮರ ಕೂಡಿಸುವುದು ಹೇಗೆ, ಅದು ಏಕೆ ಅಷ್ಟು ಕಷ್ಟ, ಕೂಡಿಸಲೇಬೇಕೆ ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಸುಟ್ಟ ಮದ್ದಿನ ವಿಚಾರವಾದರೂ ಇದು ಬಡಗಿಯ ಮನೆಯ ಮಾತು. ತೊಟ್ಟಿಲಿಗೆ ಹೆಸರಾದ ಕಲಘಟಗಿಯಲ್ಲಿ ಮರದ ಮಾತಾಡಲು ಸಂಕೋಚವೇನೂ ಇಲ್ಲ.

ಮೊದಲು ಹೆಸರುಗಳನ್ನು ನೋಡೋಣ. ಕೋವಿ ನಮ್ಮದೇ ದ್ರಾವಿಡ ಪದ, ಕೊಳವೆ ಎಂಬ ಅರ್ಥದ್ದು. ತುಪಾಕಿ ತುರ್ಕಿಯಿಂದ ಬಂತು. ಬಂದೂಕು ಅರಬ್ಬೀ-ಪಾರ್ಸಿಗಳ ದಾರಿಯಲ್ಲಿ ಬಂತು. ಮೂರು ಹೆಸರೂ ಕಬ್ಬಿಣದ ಕಡೆಗೇ ಬೊಟ್ಟು ಮಾಡುತ್ತವೆ. ಮರಕ್ಕೆ ನಾವು ಬೇರೆ ಹೆಸರನ್ನೇ ಇಟ್ಟಿಲ್ಲ. ಬಂದೂಕಿನ ಮರ, ಬಂದೂಕಿನ ಹಿಡಿ ಎಂದು ಬಿಡುತ್ತೇವೆ. ಇಂಗ್ಲಿಷಿನವರು ಅದನ್ನು ಸ್ಟಾಕ್ ಎನ್ನುತ್ತಾರೆ.

ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಮುಖ್ಯವಾದವು ಮೂರು ಭಾಗಗಳು. ಒಂದು, ನಳಿಗೆ. ಅದರ ಹಿಂತುದಿಯನ್ನು ಗಟ್ಟಿ ತಿರುಪಿನಿಂದ ಮುಚ್ಚಿರುತ್ತಾರೆ. ಆ ತಿರುಪಿಗೆ ಬಾಲದಂಥ ಒಂದು ಪಟ್ಟಿ ಇರುತ್ತದೆ. ಎರಡು, ಲಾಕು. ಕೇಪಿನ ಮೇಲೆ ಬಡಿಯುವ ಕುದುರೆ, ಅದನ್ನು ತಳ್ಳುವ ಸ್ಪ್ರಿಂಗು, ಅದನ್ನು ತಡೆದು ಹಿಡಿಯುವ ಸಣ್ಣ ಕೊಕ್ಕೆ ಎಲ್ಲವೂ ಇದರಲ್ಲೇ. ಮೂರನೆಯದು ಮರ. ನಳಿಗೆ, ಲಾಕು, ಟ್ರಿಗರ್, ಮದ್ದು ಗಿಡಿಯುವ ಗಜ ಇವಿಷ್ಟನ್ನೂ ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಹೊಡೆಯುವವನ ಭುಜಕ್ಕೆ ಆನಿಕೊಳ್ಳುವುದು ಅದೇ.

ಕೋವಿ ಸಿಡಿದಾಗ ಗುಂಡು ಮುಂದಕ್ಕೆ ಹೋದಂತೆ ನಳಿಗೆ ಹಿಂದಕ್ಕೆ ಒದೆಯುತ್ತದೆ. ನಳಿಗೆಯ ಆ ಒದೆತವನ್ನು ಮೊದಲು ತಡೆದುಕೊಳ್ಳುವುದು ಭುಜವಲ್ಲ, ಮರ. ನಳಿಗೆಯ ಹಿಂಭಾಗ ಮರಕ್ಕೆ ಇಡಿಯಾಗಿ ತಾಗಿದ್ದರೆ ಒದೆತ ಹಂಚಿಹೋಗುತ್ತದೆ. ಒಂದೇ ಚುಕ್ಕೆಯಲ್ಲಿ ತಾಗಿದ್ದರೆ ಅದು ಬೆಣೆಯಂತೆ ಕೆಲಸ ಮಾಡಿ ಮರವನ್ನು ಸೀಳುತ್ತದೆ. ಕಟ್ಟಿಗೆ ಒಡೆಯುವಾಗ ನಾವು ಬೆಣೆ ಬಡಿಯುತ್ತೇವಲ್ಲ, ಅದೇ ಲೆಕ್ಕ. ನಳಿಗೆ ತನ್ನ ಹಾಸಿಗೆಯಲ್ಲಿ ಸರಿಯಾಗಿ ಕೂತಿರಬೇಕು ಎನ್ನುವುದು ಇದಕ್ಕೇ. ನಮ್ಮ ಬಡಗ್ಯಾರ ಮಾತಿನಲ್ಲಿ ಹೇಳುವುದಾದರೆ, ಕಬ್ಬಿಣ ಮರದಾಗ 'ಕುಂದ್ರಬೇಕು'.

ಮರ ಕೆಡುವುದು ಹೇಗೆ? ಹಳೆಯ ಕೋವಿಗಳಲ್ಲಿ ಬಿರುಕು ಬಹುತೇಕ ಎರಡು ಜಾಗದಲ್ಲಿ ಕಾಣುತ್ತದೆ. ಒಂದು, ಕೈ ಹಿಡಿಯುವ ಸಣ್ಣ ಭಾಗದಲ್ಲಿ. ಅದು ಮರದ ಮಣಿಕಟ್ಟು. ಅಲ್ಲಿ ಲಾಕಿಗೂ ಟ್ರಿಗರಿಗೂ ಗುಳಿ ತೋಡಿ ಮರ ತೆಳ್ಳಗಾಗಿರುತ್ತದೆ. ಮರದ ಎಳೆ ಓರೆಯಾಗಿ ಹೊರಗೆ ಹೋಗಿದ್ದರಂತೂ ಒಂದು ಸಲ ಕೈತಪ್ಪಿ ಬಿದ್ದರೆ ಸಾಕು. ಇನ್ನೊಂದು, ನಳಿಗೆಯ ಬಾಲದ ಹಿಂದೆ. ಬಾಲದ ತುದಿ ಮರಕ್ಕೆ ಒತ್ತಿಕೊಂಡಿದ್ದರೆ ಪ್ರತಿ ಏಟಿಗೂ ಅದು ಬೆಣೆಯಾಗುತ್ತದೆ.

ಮೂರನೆಯ ಶತ್ರು ಮದ್ದು. ಕರಿಮದ್ದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಮರವನ್ನು ಒತ್ತುತ್ತದೆ. ಅದರ ಮೇಲೆ ವರ್ಷಗಟ್ಟಲೆ ಸುರಿದ ಎಣ್ಣೆ ಲಾಕಿನ ಸುತ್ತಲಿನ ಮರಕ್ಕೆ ಇಳಿದು ಅದನ್ನು ಮೆತ್ತಗೆ ಮಾಡಿರುತ್ತದೆ. ಗೆದ್ದಲಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಕಲಘಟಗಿ ಮಲೆನಾಡಿನ ಅಂಚು. ನವಲಗುಂದ, ಅಣ್ಣಿಗೇರಿ ಎರೆಯ ಬಯಲು. ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕೂಡಿಸಿದ ಮರ ಬೇಸಿಗೆಯಲ್ಲಿ ನವಲಗುಂದಕ್ಕೆ ಹೋದರೆ ಸಡಿಲವಾಗುತ್ತದೆ. ಅಲ್ಲಿ ಬೇಸಿಗೆಯಲ್ಲಿ ಬಿಗಿಯಾಗಿ ಕೂಡಿಸಿದ್ದು ಇಲ್ಲಿ ಆಷಾಢದಲ್ಲಿ ಉಬ್ಬುತ್ತದೆ. ಉಬ್ಬಿದ ಮರ ಲಾಕಿನೊಳಗಿನ ಕೊಕ್ಕೆಗೆ ಒತ್ತಿದರೆ ಕುದುರೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಯಾರೂ ಟ್ರಿಗರ್ ಮುಟ್ಟದೆ ಕೋವಿ ಸಿಡಿಯುವ ಅಪಾಯ ಇರುವುದು ಇಂಥ ಜಾಗದಲ್ಲೇ. ಮರದ ಕೆಲಸ ಅಂದಕ್ಕಿಂತ ಹೆಚ್ಚಾಗಿ ಜೀವದ ಪ್ರಶ್ನೆ ಎನ್ನಲು ಇದೇ ಕಾರಣ.

ಒಡೆದ ಮರಕ್ಕೆ ಬದಲಾಗಿ ಪೇಟೆಯಿಂದ ಇನ್ನೊಂದು ಮರ ತಂದು ಹಾಕಬಾರದೆ ಎಂದು ಕೇಳಬಹುದು. ಕೈಯಲ್ಲಿ ಮಾಡಿದ ಕೋವಿಗೆ ಅದು ಸಾಧ್ಯವಿಲ್ಲ. ಒಂದೊಂದು ನಳಿಗೆಯ ದಪ್ಪ, ಒಂದೊಂದು ಬಾಲದ ಬಾಗು, ಒಂದೊಂದು ಲಾಕಿನ ಆಕಾರ ಬೇರೆ ಬೇರೆ. ಅಮೆರಿಕದಲ್ಲಿ ಥಾಮಸ್ ಬ್ಲಾಂಚಾರ್ಡ್ ಎಂಬಾತ 1819ರಲ್ಲಿ ಒಂದು ಲೇತ್ ಯಂತ್ರಕ್ಕೆ ಪೇಟೆಂಟ್ ಪಡೆದ. ಮಾದರಿಯ ಮರವೊಂದನ್ನು ಇಟ್ಟರೆ ಅದೇ ಆಕಾರವನ್ನು ಇನ್ನೊಂದು ಮರದಲ್ಲಿ ಕೊರೆಯುವ ಯಂತ್ರ ಅದು. ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆ 1850ರ ದಶಕದಲ್ಲಿ ಅಂಥ ಅಮೆರಿಕನ್ ಯಂತ್ರಗಳನ್ನು ತರಿಸಿತು. 1857ರ ಕಾಡತೂಸಿನ ಗಲಾಟೆಯಿಂದ ನಮಗೆಲ್ಲ ಗೊತ್ತಿರುವ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಇದೇ ಕಾಲದ್ದು. ಅದೂ ಬಾಯಿಯಿಂದಲೇ ತುಂಬುವ ಕೋವಿ. 39 ಅಂಗುಲದ ನಳಿಗೆ, ಅದರ ಉದ್ದಕ್ಕೂ ಅಕ್ರೋಟ ಮರ, ಮರಕ್ಕೂ ನಳಿಗೆಗೂ ಸೇರಿಸಿ ಮೂರು ಕಬ್ಬಿಣದ ಬಳೆ. ಹೀಗೆ ಯಂತ್ರದಲ್ಲಿ ಮಾಡಿದ ಕೋವಿಗೆ ಮಾತ್ರ ಒಂದರ ಮರ ಇನ್ನೊಂದಕ್ಕೆ ಹೊಂದೀತು.

ರೈಫಲ್ ಎಂದರೆ ನಳಿಗೆಯ ಒಳಗೆ ಸುರುಳಿ ಗೀರು ಇರುವ ಕೋವಿ. ಗುಂಡು ತಿರುಗುತ್ತಾ ಹೋಗುವುದರಿಂದ ಗುರಿ ತಪ್ಪುವುದು ಕಡಿಮೆ. 1857ರ ದಂಗೆಯ ಬಳಿಕ ಇಂಗ್ಲಿಷರು ದೇಶೀ ಸಿಪಾಯಿಗಳಿಗೆ ಕೊಟ್ಟದ್ದು ಗೀರಿಲ್ಲದ, ನುಣುಪು ನಳಿಗೆಯ ಬಂದೂಕು. ಅದೇ ಎನ್‌ಫೀಲ್ಡಿನ ಮಾದರಿಯಲ್ಲಿ ನಳಿಗೆಯನ್ನು ಮಾತ್ರ ಹಿರಿದಾಗಿ, ನುಣುಪಾಗಿ ಮಾಡಿದರು. ಇಂದು ಕರ್ನಾಟಕದ ರೈತರ ಪರವಾನಗಿಗಳಲ್ಲಿ 'ಎಸ್‌ಬಿಎಂಎಲ್' ಎಂದು ಬರೆದಿರುವ ಒಂಟಿ ನಳಿಗೆಯ ಕೋವಿಗಳೂ ಸಾಮಾನ್ಯವಾಗಿ ನುಣುಪು ನಳಿಗೆಯವೇ. ಆದರೆ ಮರ ಕೂಡಿಸುವ ರೀತಿ ಎರಡಕ್ಕೂ ಒಂದೇ. ರೈಫಲಿಗೆ ಇನ್ನಷ್ಟು ನಾಜೂಕು ಬೇಕು, ಅಷ್ಟೇ. ಏರುಪೇರಾದ ಹಾಸಿಗೆಯಲ್ಲಿ ತಿರುಪು ಬಿಗಿದರೆ ನಳಿಗೆ ಕೂದಲೆಳೆಯಷ್ಟು ಬಾಗಿ ಗುರಿ ಬೇರೆ ಕಡೆ ಹೋಗುತ್ತದೆ.

ಈಗ ಕೆಲಸಕ್ಕೆ ಬರೋಣ. ಇಷ್ಟೆಲ್ಲ ಹೇಳುವುದು ನೀವು ಮನೆಯಲ್ಲಿ ಮಾಡಲೆಂದಲ್ಲ, ಇದರ ಹಿಂದಿನ ಬುದ್ಧಿ ಎಂಥದೆಂದು ತಿಳಿಯಲೆಂದು.

ಬಲ್ಲವರು ಮೊದಲು ಮಾಡುವುದು ಕೋವಿ ಬರಿದಾಗಿದೆಯೇ ಎಂಬ ಪರೀಕ್ಷೆ. ಗೋಡೆಗೆ ತೂಗಿದ ಹಳೆಯ ಕೋವಿಯಲ್ಲಿ ಅಜ್ಜನ ಕಾಲದ ಮದ್ದು ಇನ್ನೂ ಇರಬಹುದು. ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು ಗುರುತು ಮಾಡಿ, ಹೊರಗೆ ಹಿಡಿದು ನೋಡುತ್ತಾರೆ. ಗಜ ತಳದವರೆಗೆ ಹೋಗದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಆಮೇಲೆ ಕೈ ಹಾಕುವುದು ಅನುಭವಿಯ ಕೆಲಸ.

ಎರಡನೆಯದು ಮರದ ಆಯ್ಕೆ. ಯುರೋಪಿನವರಿಗೆ ಅಕ್ರೋಟ ಮೆಚ್ಚು. ಹಗುರ, ಗಟ್ಟಿ, ಉಳಿಗೆ ಬಗ್ಗುವಂಥದು. ನಮ್ಮ ಕಡೆಯ ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತದು, ಆದರೆ ಏಟು ತಾಳುವ ಗುಣ ಕಡಿಮೆ. ಬೀಟೆ ಗಟ್ಟಿ, ಚೆಂದ, ಆದರೆ ಭಾರ. ತೇಗ, ಬೀಟೆ ಎರಡನ್ನೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಜಾತಿ ಯಾವುದಾದರೂ ಮರ ಚೆನ್ನಾಗಿ ಒಣಗಿರಬೇಕು, ಮಣಿಕಟ್ಟಿನಲ್ಲಿ ಎಳೆ ಬಾಗಿನೊಂದಿಗೇ ಹರಿಯಬೇಕು. ಕೊಡಲಿಯ ಕಾವಿಗೆ ನೀವು ಎಳೆ ನೋಡಿಯೇ ಕಟ್ಟಿಗೆ ಆರಿಸುತ್ತೀರಲ್ಲವೆ? ಅದೇ ಕಣ್ಣು ಇಲ್ಲಿಯೂ ಬೇಕು.

ಮೂರನೆಯದು ಕೂಡಿಸುವ ಕ್ರಮ. ಮೊದಲು ನಳಿಗೆ, ಆಮೇಲೆ ಬಾಲ, ಆಮೇಲೆ ಲಾಕು, ಕೊನೆಗೆ ಟ್ರಿಗರ್. ಲಾಕಿನ ಜಾಗವನ್ನು ನಳಿಗೆ ನಿರ್ಧರಿಸುತ್ತದೆ. ಕುದುರೆ ಕೇಪಿನ ಮೇಲೆ ನೇರವಾಗಿ ಬೀಳಬೇಕು. ಟ್ರಿಗರಿನ ಜಾಗವನ್ನು ಲಾಕು ನಿರ್ಧರಿಸುತ್ತದೆ. ಈ ಕ್ರಮ ತಪ್ಪಿದರೆ ಮರವೆಲ್ಲ ವ್ಯರ್ಥ.

ಇನ್ನು ಕೂಡಿಸುವ ರೀತಿ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಬ್ಬಿಣದ ಕೆಳಮೈಗೆ ತೆಳ್ಳಗೆ ಸವರುತ್ತಾರೆ. ಅದನ್ನು ಮರದ ಗುಳಿಯಲ್ಲಿ ಒತ್ತಿ ಎತ್ತುತ್ತಾರೆ. ಎಲ್ಲಿ ತಾಗಿತೋ ಅಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಒತ್ತುತ್ತಾರೆ. ಮೊದಲು ಎರಡು-ಮೂರು ಚುಕ್ಕೆ, ಆಮೇಲೆ ಹತ್ತು, ಆಮೇಲೆ ನೂರು. ಹಾಸಿಗೆಯೆಲ್ಲ ಒಂದೇ ಸಮ ಕಪ್ಪಾದಾಗ ನಳಿಗೆ ಕೂತಿತು ಎಂದು ಅರ್ಥ. ಇದು ಗಡಿಬಿಡಿಯ ಕೆಲಸವಲ್ಲ. ಹೆಚ್ಚು ಕೆರೆದರೆ ಮತ್ತೆ ಮರ ಹಚ್ಚಲು ಬರುವುದಿಲ್ಲ. ನಳಿಗೆಯ ಹಿಂಭಾಗ ಮರಕ್ಕೆ ಇಡಿಯಾಗಿ ತಾಗಬೇಕು. ಬಾಲದ ತುದಿಯ ಹಿಂದೆ ಮಾತ್ರ ಕಾಗದದಷ್ಟು ಸಂದು ಬಿಡಬೇಕು. ಲಾಕಿನ ಒಳಗೂ ಸ್ಪ್ರಿಂಗು, ಕೊಕ್ಕೆ ಆಡುವಷ್ಟು ಬಿಡುವು ಇರಬೇಕು. ಎಲ್ಲಿ ಬಿಗಿ ಬೇಕು, ಎಲ್ಲಿ ಬಿಡುವು ಬೇಕು ಎಂದು ತಿಳಿದವನೇ ಕಸಬುದಾರ.

ಕೊನೆಗೆ ಅಗಸಿ ಎಣ್ಣೆಯನ್ನು ತೆಳ್ಳಗೆ ಅನೇಕ ಸಲ ತಿಕ್ಕುತ್ತಾರೆ. ಚಟ್ನಿಪುಡಿಗೆ ನಾವು ಹುರಿಯುವ ಅದೇ ಅಗಸಿ. ಅದರ ಎಣ್ಣೆ ಗಾಳಿಗೆ ಗಟ್ಟಿಯಾಗಿ ಮರಕ್ಕೆ ತೇವ ಇಳಿಯುವುದನ್ನು ನಿಧಾನ ಮಾಡುತ್ತದೆ. ಹೊರಮೈಗಿಂತ ಒಳಗಿನ ಗುಳಿಗಳಿಗೆ ಸವರುವುದು ಮುಖ್ಯ. ಇತ್ತೀಚೆಗೆ ಎಪಾಕ್ಸಿ ಅಂಟನ್ನು ಗುಳಿಗೆ ಹಾಕಿ ಅದರಲ್ಲೇ ನಳಿಗೆಯ ಅಚ್ಚು ತೆಗೆಯುವ ರೂಢಿಯೂ ಇದೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಒಮ್ಮೆ ಹಾಕಿದ ಅಂಟನ್ನು ಮರ ಕೆಡದಂತೆ ತೆಗೆಯುವುದು ಬಲು ಕಷ್ಟ.

ರಂಟೆಗೆ ಕುಳ ಕೂಡಿಸಿದವರಿಗೆ, ಗಾಲಿಗೆ ಕಬ್ಬಿಣದ ಹಳಿ ಕಾಯಿಸಿ ಏರಿಸಿದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಮರಕ್ಕೂ ಕಬ್ಬಿಣಕ್ಕೂ ಹೊಂದಾಣಿಕೆ ಮಾಡುವುದು ನಮ್ಮ ಬಡಿಗೇರ, ಕಮ್ಮಾರರ ದಿನನಿತ್ಯದ ಕೆಲಸವಾಗಿತ್ತು. ಹಾಗಾದರೆ ಬಂದೂಕಿನ ಕೆಲಸ ನಮ್ಮ ಹಳ್ಳಿಗಳಿಂದ ಏಕೆ ಹೊರಟುಹೋಯಿತು?

ಉತ್ತರಕ್ಕೆ ಮತ್ತೆ ಹಲಗಲಿಗೆ ಹೋಗಬೇಕು. 1857ರಲ್ಲಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು, ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ತಡೆಯಿತು. ಬೇಟೆಯೇ ಬದುಕಾಗಿದ್ದ ಬೇಡರಿಗೆ ಅದು ಹೊಟ್ಟೆಯ ಮೇಲಿನ ಏಟು. ಅವರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಲಾವಣಿ ಅದನ್ನು ಇಂದಿಗೂ ಹಾಡುತ್ತದೆ. 1878ರ ಶಸ್ತ್ರ ಕಾಯಿದೆ ಈ ನಿರ್ಬಂಧವನ್ನು ಕಾಯಂ ಮಾಡಿತು. ಸ್ವಾತಂತ್ರ್ಯದ ನಂತರ 1959ರ ಕಾಯಿದೆ ಅದರ ಜಾಗಕ್ಕೆ ಬಂತು. ಆಯುಧ ಹೋದ ಮೇಲೆ ಅದನ್ನು ದುರಸ್ತಿ ಮಾಡುವವನ ಕೈಗೆ ಕೆಲಸವೆಲ್ಲಿ? ಹಲಗಲಿಯ ಕಥೆಯಲ್ಲಿ ಬೇಟೆಗಾರನ ನೋವು ಕೇಳುತ್ತದೆ, ಬಡಗಿಯದು ಕೇಳುವುದಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರ ಕೊಡಗಿನದು. ಕೊಡಗರಿಗೆ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು ಬಂದಿದೆ; ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ತನಕ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಯನ್ನು ಒರೆಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ತಪ್ಪದೆ ಕೆಳಗಿಳಿಸಿ ಒರೆಸುವ ವಸ್ತುವಿನ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಅಟ್ಟದ ಮೇಲೆ ಬಿದ್ದ ಕೋವಿಯ ಬಿರುಕು ಕಾಣುವುದು ಅದು ಎರಡು ತುಂಡಾದ ಮೇಲೆಯೇ.

ಈಗಿನ ಸ್ಥಿತಿ ಏನು? ಕಲಘಟಗಿಯ ಕಡೆ ಕಾಡುಹಂದಿ, ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹೊಲಗಳಲ್ಲಿ ಜಿಂಕೆ. ಬೆಳೆ ಹಾಳಾಗುವ ಸಂಕಟ ದೊಡ್ಡದು. ಆದರೆ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಜಿಂಕೆಯನ್ನು ಹೊಡೆಯುವುದು ದೊಡ್ಡ ಅಪರಾಧ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಹೆಚ್ಚೆಂದರೆ ಸದ್ದು ಮಾಡಿ ಬೆದರಿಸಲಿಕ್ಕೆ. ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗಿಯೂ ಬರುತ್ತದೆ. ತಿರುಗಿ ತಂದ ಮೇಲೆ ತುಕ್ಕಿನ ಜೊತೆಗೆ ಮರವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಅಂಥ ಕೋವಿಯ ಮರ ಒಡೆದರೆ? 'ಬಡಗ್ಯಾರ, ಇದಕ್ಕೊಂದು ಮರಾ ಕೂಡಿಸಿ ಕೊಡ್ರಿ' ಎಂದು ಊರ ಬಡಗಿಯ ಮುಂದೆ ಇಡುವಂತಿಲ್ಲ. 1959ರ ಕಾಯಿದೆಯ 5ನೆಯ ಕಲಂ ಪ್ರಕಾರ ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಕೋವಿ ನಿಮ್ಮ ಹೆಸರಿನಲ್ಲಿದ್ದರೂ ರಿಪೇರಿ ಮಾಡುವವನಿಗೆ ಬೇರೆ ಪರವಾನಗಿ ಇರಲೇಬೇಕು. ನಳಿಗೆಯ ಮೇಲಿನ ನಂಬರು, ಗುರುತುಗಳನ್ನು ಅಳಿಸುವುದೂ ಅಪರಾಧವೇ. ತಂತಿ ಸುತ್ತಿ, ಮೊಳೆ ಹೊಡೆದು ಕೆಲಸ ಸಾಗಿಸುವುದಂತೂ ಬೇಡವೇ ಬೇಡ. ಮೊಳೆ ಇನ್ನೊಂದು ಬೆಣೆಯಾಗುತ್ತದೆ.

ಕಾನೂನು ಇರಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ನಾವು ಗಮನಿಸಬೇಕು. ಮರದ ವಿದ್ಯೆ ಬಲ್ಲವನ ಹತ್ತಿರ ಪರವಾನಗಿ ಇಲ್ಲ. ಪರವಾನಗಿ ಇರುವ ಅಂಗಡಿಯಲ್ಲಿ ಮರದ ವಿದ್ಯೆ ಬಲ್ಲವನು ಸಿಕ್ಕೇ ಸಿಗುತ್ತಾನೆಂದು ಹೇಳಲಾಗದು. ಇವರಿಬ್ಬರನ್ನು ಒಂದೇ ಕಡೆ ತರದಿದ್ದರೆ ಒಂದು ತಲೆಮಾರಿನಲ್ಲಿ ಈ ಕೆಲಸವೇ ಮರೆತುಹೋಗುತ್ತದೆ. ಕುಂಟೆ, ಕೂರಿಗೆ, ಬಂಡಿಗಳ ಮರಗೆಲಸ ಟ್ರ್ಯಾಕ್ಟರ್ ಬಂದ ಮೇಲೆ ಹೇಗೆ ಕಡಿಮೆಯಾಯಿತೆಂದು ನೀವೇ ಕಂಡಿದ್ದೀರಿ.

ಕೊನೆಯ ಪ್ರಶ್ನೆ, ಹೊಸ ಮರ ಕೂಡಿಸಲೇಬೇಕೆ? ನನ್ನ ಉತ್ತರ ಆ ಕೋವಿ ಇನ್ನು ಮುಂದೆ ಏನು ಕೆಲಸ ಮಾಡಬೇಕು ಎಂಬುದರ ಮೇಲೆ ನಿಲ್ಲುತ್ತದೆ. ಪರವಾನಗಿ ಇದ್ದು, ಹೊಲದಲ್ಲಿ ಸದ್ದು ಮಾಡಬೇಕಾದ ಕೋವಿಯಾದರೆ ಒಡೆದ ಮರದೊಂದಿಗೆ ಒಂದೇ ಒಂದು ಏಟೂ ಹಾರಿಸಬೇಡಿ. ಪರವಾನಗಿ ಇರುವವರಿಂದ ಹೊಸ ಮರ ಕೂಡಿಸಿರಿ. ಕೋವಿ ಮನೆತನದ ನೆನಪಾಗಿ ಉಳಿಯಬೇಕಾದದ್ದಾದರೆ ಹಳೆಯ ಮರವನ್ನು ಮುಟ್ಟಬೇಡಿ. ಮತ್ತೆ ಎಂದೂ ಹಾರದಂಥ ಪುರಾತನ ಆಯುಧಕ್ಕೆ ಕಾಯಿದೆಯ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ರಿಪೇರಿ ಮಾಡಿದರೂ ಹಾರಬಾರದು ಎಂಬ ಷರತ್ತು ಅದಕ್ಕಿದೆ. ಅದು ನಿಮ್ಮ ಕೋವಿಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ನೀವೇ ತೀರ್ಮಾನಿಸದೆ ಅಧಿಕಾರಿಗಳನ್ನು ಕೇಳಿಯೇ ಮುಂದುವರಿಯಬೇಕು.

ಹಳೆಯ ಮರವನ್ನು ಉಳಿಸಿ ಎನ್ನಲು ಕಾರಣವಿದೆ. ನಳಿಗೆ ಎಲ್ಲಿಂದಲೋ ಬಂದಿರಬಹುದು. ದಂಡಿನಿಂದ, ಸಂತೆಯಿಂದ, ಸಮುದ್ರದಾಚೆಯಿಂದ. ಒಂದೇ ನಳಿಗೆಗೆ ಎರಡು-ಮೂರು ಸಲ ಮರ ಬದಲಾಗಿರುವುದು ಹಳೆಯ ಕೋವಿಗಳಲ್ಲಿ ಅಪರೂಪವಲ್ಲ. ಊರಿನ ಕೈ ಬಿದ್ದಿದ್ದರೆ ಅದು ಮರದ ಮೇಲೆಯೇ ಹೆಚ್ಚು. ಉಳಿಯ ಗುರುತು, ಸವೆದ ಮಣಿಕಟ್ಟು, ಕೆನ್ನೆ ತಾಗಿ ನುಣುಪಾದ ಜಾಗ ಇವೆಲ್ಲ ಹೆಸರಿಲ್ಲದ ಜನರ ಸಹಿಗಳು. ವಾರ್ನಿಷ್ ಬಳಿದು ಅದನ್ನು ಹೊಳೆಯಿಸಿದರೆ ಆ ಸಹಿ ಅಳಿಯುತ್ತದೆ. ಹೊಸ ಮರ ಹಾಕಲೇಬೇಕಾದರೂ ಹಳೆಯದನ್ನು ಒಲೆಗೆ ಹಾಕಬೇಡಿ. ಫೋಟೋ ತೆಗೆಯಿರಿ, ಯಾವ ಮನೆಯದು, ಯಾವ ಊರಿನದು, ಯಾವ ವರ್ಷ ಬದಲಾಯಿಸಿದ್ದು ಎಂದು ಚೀಟಿ ಬರೆದು ಕಟ್ಟಿ, ಒಣ ಜಾಗದಲ್ಲಿ ಇಡಿ.

ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ. ಕಿತ್ತೂರು, ನರಗುಂದ, ಹಲಗಲಿಗಳ ಬಗ್ಗೆ ಬರೆಯುವವರು ಸಾಕಷ್ಟಿದ್ದಾರೆ. ನೀವು ನಿಮ್ಮ ಊರಿನ ಬಡಿಗೇರ ಅಜ್ಜನ ಹತ್ತಿರ ಹೋಗಿ ಕೂಡ್ರಿ. ಮರಕ್ಕೆ ಕಬ್ಬಿಣ ಕೂಡಿಸುವಾಗ ಎಲ್ಲಿ ಬಿಗಿ, ಎಲ್ಲಿ ಬಿಡುವು ಎಂದು ಕೇಳಿ, ಅವರು ಬಳಸುವ ಮಾತುಗಳಲ್ಲೇ ಬರೆದಿಡಿ. ಅವರ ಉಳಿ, ಬಾಚಿಗಳ ಹೆಸರೂ ಅದರಲ್ಲಿರಲಿ. ಅಂಥ ನೂರು ಪುಟ ಸೇರಿದರೆ ನಮ್ಮ ಜಿಲ್ಲೆಗೆ ಈವರೆಗೆ ಇಲ್ಲದ ಒಂದು ಇತಿಹಾಸ ಸಿಗುತ್ತದೆ.